ಮನೆಯಲ್ಲೇ ಸಮುದ್ರದ ನೀರು ಕಲಸುವುದು: ಹೊಸ ಮರೈನ್ ಟ್ಯಾಂಕ್ ಇಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಊರು ಮಲ್ಪೆ ಕಡೆ. ಈಗ ಇರುವುದು ಬೆಂಗಳೂರಿನಲ್ಲಿ, ಮೂರನೇ ಮಹಡಿಯ ಬಾಡಿಗೆ ಮನೆ. ಕಡಲ ಮೀನಿನ ಟ್ಯಾಂಕಿಗೆ ಅಂತಲೇ ಸಿಗುವ ಉಪ್ಪಿನ (ಮರೈನ್ ಸಾಲ್ಟ್) ಡಬ್ಬ ತರಿಸಿ ಬಕೆಟ್‌ನಲ್ಲಿ ಸಮುದ್ರದ ನೀರು ಮಾಡುತ್ತಿದ್ದೇನೆ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮ ಸುಮಾರು ಹೊತ್ತು ನಕ್ಕರು. "ಇಲ್ಲಿ ಇಡೀ ಸಮುದ್ರ ಬಿದ್ದುಕೊಂಡಿದೆ ಮಾರಾಯ, ನೀನು ಅಲ್ಲಿ ಉಪ್ಪಿಗೆ ದುಡ್ಡು ಕೊಡ್ತೀಯಾ?" ಅಮ್ಮನ ಪ್ರಶ್ನೆಗೂ ಕೆಳಗೆ ಉತ್ತರ ಇದೆ. ಉಳಿದವು ಹೊಸದಾಗಿ ಟ್ಯಾಂಕ್ ಇಡುವ ಗೆಳೆಯರು, ಅವರ ಗೆಳೆಯರು ಕೇಳುತ್ತಲೇ ಇರುವವು.

ಲೆಕ್ಕಕ್ಕೆಲ್ಲ ನನ್ನದೇ ಟ್ಯಾಂಕ್ ಇಟ್ಟುಕೊಂಡಿದ್ದೇನೆ. 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರ.

ಅಡುಗೆ ಉಪ್ಪು ಹಾಕಿದರೆ ಆಗಲ್ವಾ? ಉಪ್ಪು ಉಪ್ಪೇ ತಾನೆ?

ಆಗಲ್ಲ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ 30 ಗ್ರಾಂ ಸೋಡಿಯಂ ಮತ್ತು ಕ್ಲೋರೈಡ್, ಅಂದರೆ ನಮ್ಮ ಅಡುಗೆ ಉಪ್ಪೇ. ಮಜಾ ಇರುವುದು ಉಳಿದ 5 ಗ್ರಾಂನಲ್ಲಿ. ಸಲ್ಫೇಟ್ 2.7 ಗ್ರಾಂ, ಮೆಗ್ನೀಸಿಯಂ 1.3 ಗ್ರಾಂ, ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ತಲಾ 0.4 ಗ್ರಾಂ, ಆಮೇಲೆ ನೀರಿನ ಪಿಎಚ್ ಹಿಡಿದು ನಿಲ್ಲಿಸುವ ಬೈಕಾರ್ಬೊನೇಟ್. ಸಿಗಡಿ ತನ್ನ ಚಿಪ್ಪು ಕಟ್ಟುವುದು, ಹವಳ ತನ್ನ ಅಸ್ಥಿ ಕಟ್ಟುವುದು ಈ 5 ಗ್ರಾಂನಿಂದ. ಅಡುಗೆ ಉಪ್ಪು ಕದಡಿದ ನೀರನ್ನು ಸಮುದ್ರ ಅನ್ನುವುದು, ಬರೀ ಉಪ್ಪು ಹಾಕಿ ಕುದಿಸಿದ ನೀರನ್ನು ಸಾರು ಅಂದ ಹಾಗೆ.

ಸೈಂಧವ ಲವಣದ ಕಥೆಯೂ ಅಷ್ಟೇ. ಬಣ್ಣ ಗುಲಾಬಿ ಇರಬಹುದು, ಒಳಗೆ ಹೆಚ್ಚುಕಡಿಮೆ ಎಲ್ಲಾ ಸೋಡಿಯಂ ಕ್ಲೋರೈಡೇ.

ಸಾಣಿಕಟ್ಟಾ ಉಪ್ಪು ಸಮುದ್ರದ ನೀರಿನಿಂದಲೇ ಮಾಡಿದ್ದು. ವಾಪಸ್ ನೀರಿಗೆ ಹಾಕಿದರೆ ಸಮುದ್ರ ಆಗಬೇಕಲ್ಲ?

ಇದು ನನಗೆ ತುಂಬ ಇಷ್ಟವಾದ ಪ್ರಶ್ನೆ. ಕೇಳಿದವರು ಕುಮಟಾದವರು, ಹಾಗಾಗಿ ಬಿಡುವವರೂ ಅಲ್ಲ.

ಗೋಕರ್ಣದ ಹತ್ತಿರ ಅಘನಾಶಿನಿಯ ಹಿನ್ನೀರನ್ನು ಆಗರಕ್ಕೆ (ಉಪ್ಪಿನ ಗದ್ದೆಗೆ) ಬಿಟ್ಟು ಬಿಸಿಲಿಗೆ ಒಣಗಿಸುತ್ತಾರೆ. ನೀರು ಆರುತ್ತಾ ಬಂದ ಹಾಗೆ ಲವಣಗಳು ಒಟ್ಟಿಗೆ ತಳಕ್ಕೆ ಕೂರುವುದಿಲ್ಲ, ಸರದಿಯಲ್ಲಿ ಕೂರುತ್ತವೆ. ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್, ಆಮೇಲೆ ಜಿಪ್ಸಂ. ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿದಾಗ ನಮ್ಮ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ, ಪೊಟ್ಯಾಸಿಯಂ ಕೊನೆಯವರೆಗೂ ನೀರಿನಲ್ಲೇ ಇರುತ್ತವೆ. ಆ ಕಹಿ ನೀರನ್ನು ಬಸಿದು ಬಿಡುತ್ತಾರೆ, ಇಲ್ಲದಿದ್ದರೆ ಉಪ್ಪೇ ಕಹಿಯಾಗುತ್ತದೆ. ಅಂದರೆ ಕ್ಯಾಲ್ಸಿಯಂ ಮೊದಲೇ ಹೋಯಿತು, ಮೆಗ್ನೀಸಿಯಂ ಬಸಿದು ಹೋಯಿತು, ನಿಮ್ಮ ಚೀಲಕ್ಕೆ ಬಂದದ್ದು ನಡುವಿನದು ಮಾತ್ರ. ಉಪ್ಪಿನಕಾಯಿಗೆ ಅದಕ್ಕಿಂತ ಒಳ್ಳೆ ಉಪ್ಪು ನನಗೆ ಗೊತ್ತಿಲ್ಲ. ಟ್ಯಾಂಕಿಗೆ ಬೇಡ.

ಹಾಗಾದರೆ ಸಮುದ್ರದ ನೀರನ್ನೇ ತರಬಹುದಲ್ಲ?

ಅಮ್ಮನ ಪ್ರಶ್ನೆ. ತರಬಹುದು, ಆದರೆ ದಡದಿಂದ ಅಲ್ಲ. ಮಲ್ಪೆ ಬಂದರಿನ ನೀರಿನ ಮೇಲೆ ಡೀಸೆಲ್ ಪದರ ಹೊಳೆಯುವುದನ್ನು ನೋಡಿಯೇ ಬೆಳೆದವನು ನಾನು. ಮೀನು ತೊಳೆದ ನೀರು, ಊರಿನ ಚರಂಡಿ ನೀರು ಎಲ್ಲಾ ಅಲ್ಲೇ ಸೇರುತ್ತದೆ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳು ಒಂದೇ ಕಡೆ ಕಡಲು ಸೇರುತ್ತವೆ, ಕಾರವಾರದಲ್ಲಿ ಕಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಳೆನೀರೆಲ್ಲ ಕೆಳಗಿಳಿದು ದಡದ ನೀರು ಅರ್ಧ ಸಿಹಿಯಾಗಿರುತ್ತದೆ. ಅದರ ಜೊತೆ ಜೀವಂತ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳು). ಕ್ಯಾನಿನಲ್ಲಿ ತುಂಬಿ ಘಟ್ಟ ಹತ್ತಿಸುವಷ್ಟರಲ್ಲಿ ಅದು ಸತ್ತು ಕೊಳೆಯಲು ಶುರುವಾಗುತ್ತದೆ.

ಬೇಸಿಗೆಯಲ್ಲಿ ದೋಣಿಯವರು ದೂರದ ತಿಳಿನೀರು ತಂದುಕೊಟ್ಟರೆ, ಕತ್ತಲಲ್ಲಿ ಕೆಲವು ದಿನ ಇಟ್ಟು, ಸೋಸಿ, ಅಳೆದು ಬಳಸಬಹುದು. ಕರಾವಳಿಯಲ್ಲೇ ಇರುವವರಿಗೆ ಅದು ಸರಿ. 400 ಕಿಲೋಮೀಟರ್ ದೂರದಲ್ಲಿರುವ ನನಗೆ ಪ್ರತಿ ವಾರ ಬೇಕಾಗುವ ನೀರಿಗೆ ಅದು ಆಗುವ ಮಾತಲ್ಲ.

ನೀರು ತರುವ ನೆಪದಲ್ಲಿ ನೇತ್ರಾಣಿ ದ್ವೀಪದ ಕಡೆಯಿಂದ ಹವಳದ ಕಲ್ಲು, ಕಡಲ ಕುದುರೆ ತರೋಣ ಅಂತ ಯಾರಾದರೂ ಅಂದರೆ ದೂರ ಇರಿ. ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಕ್ಷಿತ ಜೀವಿಗಳು. ಜೈಲಿನ ವಿಷಯ.

ಮನೆಯ ಆರ್‌ಒ ಫಿಲ್ಟರ್ ನೀರು ಸಾಕಾ?

ಉಪ್ಪಿನ ಬಗ್ಗೆ ತಲೆ ಕೆಡಿಸಿಕೊಳ್ಳುವವರು ನೀರಿನ ಬಗ್ಗೆ ಯೋಚಿಸುವುದೇ ಇಲ್ಲ. ಎಡವಟ್ಟುಗಳಲ್ಲಿ ಅರ್ಧ ಆಗುವುದು ಉಪ್ಪು ಹಾಕುವ ಮೊದಲೇ. ನನ್ನದೂ ಅಲ್ಲೇ ಆಯಿತು.

ಮೊದಲು ಒಂದು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವುದು) ತೆಗೆದುಕೊಳ್ಳಿ, ಪೆನ್ನಿನ ಗಾತ್ರದ್ದು. ನಮ್ಮ ಬಿಲ್ಡಿಂಗ್‌ನಲ್ಲಿ ಕಾವೇರಿ ನೀರು ಬಂದ ದಿನ 190 ತೋರಿಸುತ್ತದೆ. ಟ್ಯಾಂಕರ್‌ನ ಬೋರ್‌ವೆಲ್ ನೀರು ಸಂಪ್‌ಗೆ ಬಿದ್ದ ದಿನ 900 ದಾಟುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ತನಕ ಇರಬಹುದು. ಹವಳದ ಟ್ಯಾಂಕಿನಲ್ಲಿ ಅದು ಹತ್ತರೊಳಗೆ ಇರಲಿ ಅಂತ ನಾವು ಒದ್ದಾಡುತ್ತೇವೆ. ಕುಡಿಯಲು ಚೆನ್ನಾಗಿರುವ ನೀರು ಟ್ಯಾಂಕಿಗೆ ಚೆನ್ನಾಗಿರಬೇಕು ಅಂತೇನಿಲ್ಲ.

ಮನೆ ಆರ್‌ಒದಲ್ಲಿ ಎರಡು ತೊಡಕು. ಒಂದು, ಅದರಲ್ಲಿ ಟಿಡಿಎಸ್ ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಡ್ಜ್ ಇರುತ್ತದೆ. ಶುದ್ಧ ಮಾಡಿದ ನೀರಿಗೆ ರುಚಿಗೆ ಅಂತ ಒಂದಿಷ್ಟು ಹಳೇ ನೀರನ್ನೋ ಲವಣವನ್ನೋ ಮತ್ತೆ ಸೇರಿಸುತ್ತದೆ. ಇದು ಅಷ್ಟು ದೊಡ್ಡದಲ್ಲ. ಎರಡನೆಯದು ತಾಮ್ರ.

ನನ್ನ ಟ್ಯಾಂಕಿಗೆ ಐದು ತಿಂಗಳಾಗಿತ್ತು. ಫಿಲ್ಟರ್ ಸರ್ವೀಸ್‌ಗೆ ಬಂದ ಹುಡುಗ, "ಸಾರ್, ಹೊಸ ಕಾರ್ಟ್ರಿಡ್ಜ್, ಆರೋಗ್ಯಕ್ಕೆ ಒಳ್ಳೇದು" ಅಂತ ಹಾಕಿ ಹೋದ. ನಾನು ಏನು ಅಂತಲೂ ಕೇಳಲಿಲ್ಲ. ಆ ವಾರ ಅದೇ ನೀರಿನಲ್ಲಿ ಉಪ್ಪು ಕಲಸಿ ಬದಲಾಯಿಸಿದೆ. ಮರುದಿನ ಸಂಜೆ ಕ್ಲೀನರ್ ಸಿಗಡಿ ಎರಡೂ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿದ್ದವು, ಮೀಸೆ ಮಾತ್ರ ಅಲ್ಲಾಡುತ್ತಿತ್ತು. ಮೀನುಗಳಿಗೆ ಏನೂ ಆಗಿರಲಿಲ್ಲ, ಹಾಗಾಗಿ ಕಾರಣ ಹೊಳೆಯಲೂ ಇಲ್ಲ. ಮೂರನೇ ದಿನ ಫಿಲ್ಟರ್ ಬಾಗಿಲು ತೆಗೆದು ನೋಡಿದರೆ ಕೆಂಪು ಬಣ್ಣದ ಕಾಪರ್ ಕಾರ್ಟ್ರಿಡ್ಜ್. ನಮಗೆ ತಾಮ್ರದ ಚೊಂಬಿನ ನೀರು ಶ್ರೇಷ್ಠ. ಸಿಗಡಿ, ಏಡಿ, ಶಂಖ, ಹವಳ ಇವಕ್ಕೆಲ್ಲ ತಾಮ್ರ ವಿಷ, ಅದೂ ತೀರಾ ಸ್ವಲ್ಪವೇ ಸಾಕು. ಕಲ್ಲು, ಮರಳು ಅದನ್ನು ಹೀರಿಕೊಂಡು ಮೆಲ್ಲಗೆ ಬಿಡುತ್ತಾ ಬೇರೆ ಇರುತ್ತವೆ.

ಆಮೇಲೆ ಟ್ಯಾಂಕಿಗೆ ಅಂತಲೇ ಬೇರೆ ಆರ್‌ಒ ಹಾಕಿಸಿದೆ: ಸೆಡಿಮೆಂಟ್ ಫಿಲ್ಟರ್, ಕ್ಲೋರಿನ್ ಹಿಡಿಯುವ ಕಾರ್ಬನ್, ಮೆಂಬ್ರೇನ್, ಕೊನೆಗೆ ಡಿಐ ರೆಸಿನ್. ಒಳ್ಳೆಯ ಮೆಂಬ್ರೇನ್ ಸುಮಾರು 95ರಿಂದ 98 ಶೇಕಡಾ ಲವಣ ತಡೆಯುತ್ತದೆ, ಉಳಿದದ್ದನ್ನು ರೆಸಿನ್ ಹಿಡಿಯುತ್ತದೆ. ಮೀಟರ್ 0 ತೋರಿಸಬೇಕು. 2, 3 ಆದಾಗ ರೆಸಿನ್ ಬದಲಾಯಿಸುತ್ತೇನೆ.

20 ಲೀಟರ್ ಕ್ಯಾನ್, ಕಾಯಿನ್ ಹಾಕಿ ಹಿಡಿಯುವ ನೀರು, ಬ್ಯಾಟರಿ ನೀರು, ಮಳೆನೀರು?

ಕ್ಯಾನ್ ನೀರಿಗೆ ಲವಣ ಸೇರಿಸಿರುತ್ತಾರೆ, ಒಂದೊಂದು ಕಡೆ ಒಂದೊಂದು ಥರ. ಬೀದಿಯ ಶುದ್ಧ ಕುಡಿಯುವ ನೀರಿನ ಘಟಕದ್ದು ಬರೀ ಆರ್‌ಒ ಆಗಿದ್ದರೆ ಪರವಾಗಿಲ್ಲ. ಮೀಟರ್ ತೆಗೆದುಕೊಂಡು ಹೋಗಿ ನೋಡಿ, 20-30ರೊಳಗೆ ಇದ್ದರೆ ಮೀನು ಮಾತ್ರ ಇರುವ ಟ್ಯಾಂಕಿಗೆ ನಡೆಯುತ್ತದೆ. ಮೆಂಬ್ರೇನ್ ಯಾವತ್ತು ಬದಲಾಯಿಸಿದರು ಅಂತ ಯಾರೂ ಹೇಳಲ್ಲ, ಹಾಗಾಗಿ ಪ್ರತಿ ಸಲವೂ ನೋಡಬೇಕು.

ಇನ್ವರ್ಟರ್‌ಗೆ ಹಾಕುವ ಬ್ಯಾಟರಿ ನೀರು ಟಿಡಿಎಸ್ ಲೆಕ್ಕದಲ್ಲಿ ಚೆನ್ನಾಗಿಯೇ ಇರಬಹುದು. ಆದರೆ ಆ ಕ್ಯಾನು ಹಿಂದಿನ ಜನ್ಮದಲ್ಲಿ ಆಸಿಡ್ ಕ್ಯಾನ್ ಆಗಿತ್ತೋ ಏನೋ. ನಾನು ಮುಟ್ಟಲ್ಲ.

ಮಳೆನೀರು ನೇರವಾಗಿ ಬೇಡ, ತಾರಸಿಯ ಧೂಳು, ಹಕ್ಕಿ ಹಿಕ್ಕೆ, ತಗಡಿನ ಸತು ಎಲ್ಲಾ ಬರುತ್ತದೆ. ಆರ್‌ಒಗೆ ಕೊಡುವ ನೀರಾಗಿ ಮಾತ್ರ ಅದು ಚಿನ್ನ. ಮೆಂಬ್ರೇನ್, ರೆಸಿನ್ ಎರಡೂ ಬಹಳ ದಿನ ಬಾಳುತ್ತವೆ.

ಆರ್‌ಒದಲ್ಲಿ ನೀರು ವ್ಯರ್ಥ ಆಗುತ್ತಲ್ಲ?

ಆಗುತ್ತದೆ. ನನ್ನದರಲ್ಲಿ ಒಂದು ಲೀಟರ್ ಒಳ್ಳೆ ನೀರಿಗೆ ಸುಮಾರು ಮೂರು ಲೀಟರ್ ಹೊರಗೆ ಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕಾರು ತೊಳೆಯಲು, ಗಿಡಕ್ಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಅಂದಾಗ, ಮೀನಿಗೆ ಅಂತ ನಲ್ಲಿ ತಿರುಗಿಸಲು ನನಗೇ ಮುಜುಗರ ಆಗಿತ್ತು. ಹೊರಬರುವ ನೀರನ್ನು ಡ್ರಮ್ಮಿಗೆ ಹಿಡಿದು ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸುತ್ತೇವೆ. ಹಾಗೆ ಮಾಡುವ ವ್ಯವಸ್ಥೆ ಇಲ್ಲದಿದ್ದರೆ ದೊಡ್ಡ ಟ್ಯಾಂಕ್ ಇಡಬೇಡಿ ಅನ್ನುತ್ತೇನೆ.

ಯಾವ ಬ್ರ್ಯಾಂಡ್ ಉಪ್ಪು ತರಲಿ?

ಇನ್‌ಸ್ಟಂಟ್ ಓಷನ್, ರೆಡ್ ಸೀ, ಟ್ರಾಪಿಕ್ ಮರಿನ್, ಯಾವುದು ನಿಮ್ಮ ಅಂಗಡಿಯಲ್ಲಿ ತಪ್ಪದೆ ಸಿಗುತ್ತದೋ ಅದು. ಹವಳಕ್ಕೆ ಅಂತಲೇ ಬರುವವುಗಳಲ್ಲಿ, ಉದಾಹರಣೆಗೆ ರೆಡ್ ಸೀ ಕೋರಲ್ ಪ್ರೋದಲ್ಲಿ, ಕ್ಷಾರತೆ (ಮುಖ್ಯವಾಗಿ ಬೈಕಾರ್ಬೊನೇಟ್‌ನ ಅಳತೆ) ಸಮುದ್ರಕ್ಕಿಂತ ಸಾಕಷ್ಟು ಜಾಸ್ತಿ ಇಟ್ಟಿರುತ್ತಾರೆ. ಎರಡು ಕ್ಲೌನ್ ಮೀನು ಸಾಕಲು ಹೊರಟವರಿಗೆ ಅದು ಬೇಕಿಲ್ಲ. ತಿಂಗಳಿಗೊಂದು ಬ್ರ್ಯಾಂಡ್ ಬದಲಾಯಿಸಬೇಡಿ. ಬಿಡಿಯಾಗಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಡುವ ಉಪ್ಪಂತೂ ಬೇಡವೇ ಬೇಡ.

ಎಷ್ಟು ಲೀಟರಿಗೆ ಎಷ್ಟು ಉಪ್ಪು?

ಲೀಟರಿಗೆ 35 ಗ್ರಾಂ ಹಾಕಿ, 35 ಪಿಪಿಟಿ (ಸಾವಿರದಲ್ಲಿ 35 ಪಾಲು ಲವಣ) ಬರಲಿಲ್ಲ ಅಂತ ಎಲ್ಲರೂ ಒಮ್ಮೆ ಗಾಬರಿಯಾಗುತ್ತಾರೆ. ಬರಲ್ಲ. ಮರೈನ್ ಸಾಲ್ಟ್‌ನ ಹರಳುಗಳೊಳಗೇ ಸ್ವಲ್ಪ ನೀರು ಸೇರಿಕೊಂಡಿರುತ್ತದೆ, ನೀವು ಅದನ್ನೂ ಉಪ್ಪು ಅಂತ ತೂಗಿರುತ್ತೀರಿ. ಬ್ರ್ಯಾಂಡ್ ನೋಡಿಕೊಂಡು ಲೀಟರಿಗೆ 36ರಿಂದ 40 ಗ್ರಾಂ ಬೇಕಾಗುತ್ತದೆ. ನನ್ನ ಡಬ್ಬದ್ದು 38. ಹಾಗಾಗಿ 20 ಲೀಟರ್ ಬಕೆಟ್‌ಗೆ 760 ಗ್ರಾಂ.

ಟ್ಯಾಂಕಿನ ಲೆಕ್ಕ ಹೀಗೆ. 60×40×40 ಅಂದರೆ ಕಾಗದದ ಮೇಲೆ 96 ಲೀಟರ್. ಗಾಜಿನ ದಪ್ಪ ಕಳೆದು, ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು, ಕಲ್ಲು ಮರಳು ಇಟ್ಟ ಮೇಲೆ ನನ್ನದರಲ್ಲಿ ಹಿಡಿಸಿದ್ದು 75 ಲೀಟರ್ ಮಾತ್ರ. ಉಪ್ಪು 2.85 ಕಿಲೋ. 96ಕ್ಕೆ ಲೆಕ್ಕ ಹಾಕಿ ಸುರಿದಿದ್ದರೆ 3.65 ಕಿಲೋ ಆಗಿ ನೀರು 44-45 ಪಿಪಿಟಿಗೆ ಹೋಗುತ್ತಿತ್ತು. ಮೊದಲ ಸಲ ತುಂಬಿಸುವಾಗ ಬಕೆಟ್ ಎಣಿಸಿ, ಗೋಡೆಯ ಮೇಲೆ ಗೀಟು ಹಾಕಿದರೂ ಸರಿ. ಆ ಸಂಖ್ಯೆ ಮುಂದೆ ಪ್ರತಿ ವಾರ ಬೇಕಾಗುತ್ತದೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಲೋಟದ ಅಳತೆ ಬೇಡ. ಮಳೆಗಾಲದ ಲೋಟಕ್ಕೂ ಬೇಸಿಗೆಯ ಲೋಟಕ್ಕೂ ವ್ಯತ್ಯಾಸ ಬರುತ್ತದೆ. ತೂಗುವ ಮುಂಚೆ ಡಬ್ಬವನ್ನು ಮಲಗಿಸಿ ನಾಲ್ಕು ಸಲ ಉರುಳಿಸಿ. ಲಾರಿಯಲ್ಲಿ ಕುಲುಕಿ ಬಂದಿರುತ್ತದೆ, ನುಣ್ಣನೆಯದು ಕೆಳಗೆ, ದಪ್ಪನೆಯದು ಮೇಲೆ ಆಗಿರುತ್ತದೆ.

ಕಲಸುವುದು ಹೇಗೆ? ಒಂದೊಂದಾಗಿ ಹೇಳಿ.

ಹೊಸ ಬಕೆಟ್ ಅಥವಾ ಡ್ರಮ್ ಬೇಕು, ಆಹಾರ ಇಡಲು ಯೋಗ್ಯವಾದ ಪ್ಲಾಸ್ಟಿಕ್‌ನದು. ಬಟ್ಟೆ ಒಗೆದ ಬಕೆಟ್, ಪೇಂಟ್ ಡಬ್ಬ, ಫಿನೈಲ್ ಕಂಡ ಬಕೆಟ್ ಬೇಡ. ನಾನು ಮಾರ್ಕರ್‌ನಲ್ಲಿ "ಮೀನಿಗೆ ಮಾತ್ರ" ಅಂತ ಬರೆದಿಟ್ಟಿದ್ದೇನೆ. ಬರೆಯದಿದ್ದರೆ ಯಾವತ್ತೋ ಒಂದು ದಿನ ಅದರಲ್ಲಿ ಕಾಲೊರೆಸು ನೆನೆಯುತ್ತಿರುತ್ತದೆ.

ಮೊದಲು ನೀರು. ಆಮೇಲೆ ಉಪ್ಪು. ಇದೊಂದನ್ನು ಅದಲು ಬದಲು ಮಾಡಬೇಡಿ. 20 ಲೀಟರ್ ನೀರಿಗೆ ಉಪ್ಪು ಬಿದ್ದ ಮೇಲೆ ಮಟ್ಟ ಸ್ವಲ್ಪ ಏರುತ್ತದೆ, ಬಕೆಟ್ ಅಂಚಿನ ತನಕ ತುಂಬಬೇಡಿ. ಒಳಗೆ ಒಂದು ಸಣ್ಣ ಪವರ್‌ಹೆಡ್ (ನೀರೊಳಗೇ ಓಡುವ ಪಂಪ್) ಇಳಿಸಿ, ಅದರ ಬಾಯಿ ಮೇಲ್ಮುಖವಾಗಿ ಇರಲಿ, ನೀರಿನ ಮೇಲ್ಮೈ ಕುದಿಯುವ ಹಾಗೆ ಅಲ್ಲಾಡಬೇಕು. ನೀರು 24-25 ಡಿಗ್ರಿ ಇದ್ದರೆ ಸಾಕು. ಬೆಂಗಳೂರಿನಲ್ಲಿ ಡಿಸೆಂಬರ್ ಬಿಟ್ಟರೆ ಹೀಟರ್ ಬೇಕಾಗುವುದೇ ಅಪರೂಪ. ಬೇಗ ಕರಗಲಿ ಅಂತ ಗೀಸರ್ ನೀರು ಹಾಕಬೇಡಿ.

ಈಗ ಉಪ್ಪನ್ನು ಮುಷ್ಟಿ ಮುಷ್ಟಿಯಾಗಿ, ಪಂಪಿನ ಹರಿವಿನ ಮೇಲೆ ಉದುರಿಸಿ. ರಾಗಿ ಮುದ್ದೆಗೆ ಹಿಟ್ಟು ಸುರಿಯುವ ಹಾಗೆ ಒಂದೇ ಸಲ ಗುಡ್ಡೆ ಹಾಕುವುದಲ್ಲ, ಉಪ್ಪಿಟ್ಟಿಗೆ ರವೆ ಉದುರಿಸುವ ಹಾಗೆ. ಒಂದು ಮುಷ್ಟಿ ಕರಗಿ ನೀರು ಸ್ವಲ್ಪ ತಿಳಿಯಾದ ಮೇಲೆ ಇನ್ನೊಂದು. 760 ಗ್ರಾಂಗೆ ನನಗೆ ಹತ್ತು ನಿಮಿಷ ಹಿಡಿಯುತ್ತದೆ. ಮೊದಲು ನೀರು ಹಾಲಿನಂತೆ ಮಸುಕಾಗುತ್ತದೆ, ಅರ್ಧ ಗಂಟೆಯಲ್ಲಿ ಬಕೆಟ್‌ನ ತಳ ಕಾಣಿಸಲು ಶುರುವಾಗುತ್ತದೆ.

ಆಮೇಲೆ ಪಂಪ್ ಓಡುತ್ತಿರಲಿ. ಸಾಮಾನ್ಯ ಉಪ್ಪಿಗೆ ನಾನು ಒಂದು ರಾತ್ರಿ ಬಿಡುತ್ತೇನೆ. ಗಾಳಿ ಬೆರೆತು ಪಿಎಚ್ ಒಂದು ಕಡೆ ನಿಲ್ಲುತ್ತದೆ. ಕ್ಷಾರತೆ ಜಾಸ್ತಿ ಇರುವ ಕೆಲವು ಉಪ್ಪುಗಳನ್ನು ಕೆಲವೇ ಗಂಟೆಗಳಲ್ಲಿ ಬಳಸಿ ಅಂತ ಡಬ್ಬದ ಮೇಲೇ ಬರೆದಿರುತ್ತದೆ, ಅದನ್ನು ಓದಿ.

ಪಂಪಿನ ವೈರು ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮೇಲೆ ಹೋಗಲಿ, ವೈರಿನ ಮೇಲೆ ಹರಿದ ನೀರು ಪ್ಲಗ್ ತನಕ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೆ ಬೇಡ.

ನೀರು ಹಾಲಿನ ಹಾಗೆ ಬಿಳಿಯಾಗಿ ಹಾಗೇ ಉಳಿದಿದೆ. ಏನು ತಪ್ಪು ಮಾಡಿದೆ?

ಬಹುಶಃ ಉಪ್ಪಿನ ಮೇಲೆ ನೀರು ಸುರಿದಿರಿ, ಇಲ್ಲಾ ಒಂದೇ ಸಲ ಎಲ್ಲಾ ಹಾಕಿದಿರಿ, ಇಲ್ಲಾ ನೀರು ಬಿಸಿ ಇತ್ತು. ತಳದಲ್ಲಿ ಉಪ್ಪು ಗಟ್ಟಿ ಪಾಕದಂತೆ ನಿಂತಾಗ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಒಂದಕ್ಕೊಂದು ಅಂಟಿಕೊಂಡು ಸುಣ್ಣದ ಪುಡಿಯಾಗುತ್ತವೆ. ಸುಣ್ಣದ ವಿಚಿತ್ರ ಏನಂದರೆ, ಸಕ್ಕರೆಯ ಹಾಗಲ್ಲ, ಬಿಸಿ ಜಾಸ್ತಿಯಾದಷ್ಟೂ ಅದು ಕಮ್ಮಿ ಕರಗುತ್ತದೆ. ಎಷ್ಟು ತಿರುಗಿಸಿದರೂ ಆ ಬಿಳಿ ಮತ್ತೆ ಕರಗಲ್ಲ. ಉಪ್ಪಿನಂಶ ಅಳತೆಯಲ್ಲಿ ಸರಿಯಾಗೇ ಕಾಣಿಸುತ್ತದೆ, ಆದರೆ ಕ್ಷಾರತೆ, ಕ್ಯಾಲ್ಸಿಯಂ ಕಮ್ಮಿಯಾಗಿರುತ್ತವೆ. ಮೀನಿಗೆ ಸುಮಾರಾಗಿ ನಡೆಯುತ್ತದೆ, ಹವಳಕ್ಕೆ ಆಗಲ್ಲ.

ಬಕೆಟ್ ಗೋಡೆಗೆ ಅಂಟಿದ ಬಿಳಿ ಪದರಕ್ಕೆ ವಿನೆಗರ್ ಸವರಿ ಬಿಡಿ. ಗುಳ್ಳೆ ಎದ್ದು ಬಿಟ್ಟುಕೊಳ್ಳುತ್ತದೆ. ಕಂದು ಬಣ್ಣದ ತೆಳು ಕೊಳೆ ಬಂದರೆ ಹೆದರಬೇಡಿ, ಅದು ಉಪ್ಪಿನೊಳಗಿನ ಕರಗದ ಕಸ.

ಅಳೆಯಲು ಹೈಡ್ರೋಮೀಟರ್ ಸಾಕಾ, ರಿಫ್ರ್ಯಾಕ್ಟೋಮೀಟರ್ ಬೇಕಾ?

ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ಏರಿಳಿಯುವ ಹೈಡ್ರೋಮೀಟರ್ ಅಗ್ಗ. ಆದರೆ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಅದು ಮೇಲೇರಿ ಉಪ್ಪು ಜಾಸ್ತಿ ಅನ್ನುತ್ತದೆ. ಉಪ್ಪು ಒಣಗಿ ಮುಳ್ಳಿಗೆ ಹತ್ತಿಕೊಂಡರೆ ಕೆಳಗಿಳಿದು ಕಮ್ಮಿ ಅನ್ನುತ್ತದೆ. ನಾನು ಮೊದಲ ಎರಡು ತಿಂಗಳು 35 ಅಂದುಕೊಂಡಿದ್ದು ನಿಜದಲ್ಲಿ 30 ಇತ್ತು.

ರಿಫ್ರ್ಯಾಕ್ಟೋಮೀಟರ್ ತೆಗೆದುಕೊಳ್ಳಿ, ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಅಂತ ನೋಡಿ ಉಪ್ಪಿನಂಶ ಹೇಳುವ ಸಲಕರಣೆ ಅದು. ನೀಲಿ ಗಾಜಿನ ಮೇಲೆ ಎರಡು ಮೂರು ಹನಿ, ಮುಚ್ಚಳ ಹಾಕಿ, ಕೆಳಗೆ ಗುಳ್ಳೆ ಸಿಕ್ಕಿಲ್ಲ ಅಂತ ನೋಡಿ, ಅರ್ಧ ನಿಮಿಷ ಬಿಟ್ಟು ಕಿಟಕಿ ಬೆಳಕಿಗೆ ಹಿಡಿಯಿರಿ. ನೀಲಿ ಮುಗಿದು ಬಿಳಿ ಶುರುವಾಗುವ ಗೆರೆಯನ್ನು ಓದಿ. ಒಂದು ಕಡೆ 35 ಪಿಪಿಟಿ, ಇನ್ನೊಂದು ಕಡೆ ಸಾಪೇಕ್ಷ ಸಾಂದ್ರತೆ, ಸುಮಾರು 1.026.

ಬಹಳಷ್ಟು ಜನ ಶುದ್ಧ ನೀರು ಹಾಕಿ ಸೊನ್ನೆಗೆ ತಿರುಗಿಸಿ ಸುಮ್ಮನಾಗುತ್ತಾರೆ. ಸೊನ್ನೆ ಸರಿ ಇದ್ದರೂ 35ರ ಹತ್ತಿರ ತಪ್ಪಿರಬಹುದು. ಅಂಗಡಿಯಲ್ಲಿ 35 ಪಿಪಿಟಿಯ ಕ್ಯಾಲಿಬ್ರೇಷನ್ ದ್ರಾವಣ ಸಿಗುತ್ತದೆ. ಸಿಗದಿದ್ದರೆ ಮನೆಯಲ್ಲೇ ಮಾಡಬಹುದು: 36.5 ಗ್ರಾಂ ಅಡುಗೆ ಉಪ್ಪು, 963.5 ಗ್ರಾಂ ಆರ್‌ಒ ನೀರು. ಬೆಳಕನ್ನು ಬಾಗಿಸುವುದರಲ್ಲಿ ಇದು 35 ಪಿಪಿಟಿ ಸಮುದ್ರದ ನೀರಿಗೆ ಸಮ. ಅಡುಗೆ ಉಪ್ಪು ಈ ಹವ್ಯಾಸದಲ್ಲಿ ಉಪಯೋಗಕ್ಕೆ ಬರುವುದು ಇದೊಂದೇ ಕಡೆ. ಉಪ್ಪಿನ ಪ್ಯಾಕೆಟ್ ತೇವ ಆಗಿರಬಾರದು.

ಸರಿಯಾಗಿ 35 ಇರಲೇಬೇಕಾ?

ಹವಳ, ಸಿಗಡಿ, ನಕ್ಷತ್ರಮೀನು ಇದ್ದರೆ 34-35. ಬರೀ ಮೀನಾದರೆ 30-33ರಲ್ಲೂ ಆರಾಮವಾಗಿರುತ್ತವೆ. ಸಮುದ್ರದ ಮೀನಿನ ರಕ್ತ ಸಮುದ್ರಕ್ಕಿಂತ ತುಂಬ ಸಪ್ಪೆ, ಸುಮಾರು ಮೂರರಲ್ಲೊಂದು ಪಾಲು. ಅದು ನೀರು ಕುಡಿಯುತ್ತಲೇ ಇದ್ದು, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರಗೆ ತಳ್ಳುತ್ತದೆ. ಅಂದರೆ ಅದಕ್ಕೊಂದು ಸ್ವಂತ ಪಂಪ್ ಇದೆ. ನಕ್ಷತ್ರಮೀನಿಗೆ ಅದಿಲ್ಲ, ಹೊರಗೆ ಏರುಪೇರಾದರೆ ಒಳಗೂ ಏರುಪೇರು.

ಸಂಖ್ಯೆಗಿಂತ ಅದು ಒಂದೇ ಕಡೆ ನಿಲ್ಲುವುದು ಮುಖ್ಯ. ಮೀನು ತರುವಾಗ ಅಂಗಡಿಯ ನೀರು ಎಷ್ಟಿದೆ ಅಂತ ಕೇಳಿ, ಇಲ್ಲಾ ಕವರಿನ ನೀರನ್ನೇ ಅಳೆಯಿರಿ. ಉಪ್ಪು ಉಳಿಸಲು, ಪರಾವಲಂಬಿ ಹುಳ ಕಮ್ಮಿಯಾಗಲು ಎಷ್ಟೋ ಅಂಗಡಿಗಳು 27-28ರಲ್ಲಿ ಇಟ್ಟಿರುತ್ತವೆ. ಅಲ್ಲಿಂದ ಎತ್ತಿ ನೇರ 35ಕ್ಕೆ ಬಿಟ್ಟರೆ ಪಾಪ, ಅದಕ್ಕೆ ಗರ ಬಡಿದ ಹಾಗಾಗುತ್ತದೆ.

ಉಪ್ಪು ಜಾಸ್ತಿ ಆಯಿತು. ಕಮ್ಮಿ ಆಯಿತು. ಈಗ?

ಬಕೆಟ್‌ನಲ್ಲೇ ಇದ್ದರೆ ಯೋಚನೆ ಇಲ್ಲ, ನೀರೋ ಉಪ್ಪೋ ಸೇರಿಸಿ ಮತ್ತೆ ಅಳೆಯಿರಿ. ಟ್ಯಾಂಕಿನಲ್ಲಿ ಜೀವ ಇದ್ದರೆ ನಿಧಾನ. ನನ್ನ 75 ಲೀಟರ್ 38ಕ್ಕೆ ಏರಿದೆ ಅನ್ನಿ. 75ನ್ನು 3ರಿಂದ ಗುಣಿಸಿ 38ರಿಂದ ಭಾಗಿಸಿದರೆ 6 ಲೀಟರ್. ಅಷ್ಟು ಉಪ್ಪುನೀರು ತೆಗೆದು ಅಷ್ಟೇ ಆರ್‌ಒ ನೀರು, ಎರಡು ಮೂರು ದಿನಕ್ಕೆ ಹಂಚಿ. 33ಕ್ಕೆ ಇಳಿದಿದ್ದರೆ ಸುಮಾರು 165 ಗ್ರಾಂ ಉಪ್ಪು ಬೇಕು. ಒಣ ಉಪ್ಪನ್ನು ಟ್ಯಾಂಕಿಗೆ ಎಂದೂ ಉದುರಿಸಬೇಡಿ, ಹರಳು ಬಿದ್ದ ಕಡೆ ಹವಳ ಸುಟ್ಟುಹೋಗುತ್ತದೆ. ಮಗ್ಗಿನಲ್ಲಿ ಟ್ಯಾಂಕ್ ನೀರು ತೆಗೆದು ಕರಗಿಸಿ ಹಾಕಿ. ದಿನಕ್ಕೆ 1 ಪಿಪಿಟಿ ಸಾಕು.

ಮೊದಲ ಸಲ ಟ್ಯಾಂಕಿನಲ್ಲೇ ಕಲಸಬಹುದಾ?

ಬಹುದು, ಖಾಲಿ ಟ್ಯಾಂಕ್ ಆದರೆ. ಮರಳು ಹಾಕುವ ಮುಂಚೆ ಕಲಸಿ, ಇಲ್ಲದಿದ್ದರೆ ಕರಗದ ಉಪ್ಪು ಮರಳಿನೊಳಗೆ ಅಡಗಿ ಕೂರುತ್ತದೆ. ಕಲ್ಲಿಗೆ, ಮರಳಿಗೆ ಜಾಗ ಬಿಟ್ಟು ತುಂಬಿಸಿ. ನಾನು ಬಿಡಲಿಲ್ಲ. ಕೆಳಗಿನ ಮನೆಯ ಆಂಟಿ ಬಂದು ಬೆಲ್ ಒತ್ತಿದರು.

ನೀರು ರೆಡಿ. ನಾಳೆ ಮೀನು ಬಿಡಬಹುದಾ?

ಇಲ್ಲ. ಉಪ್ಪುನೀರು ಆಗಿದೆ, ಟ್ಯಾಂಕ್ ಆಗಿಲ್ಲ. ಮೀನಿನ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ನೆಲೆಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಮೀನು. ಮೊದಲನೆಯದು ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನೇ ಇರಲಿ. ನಮ್ಮ ದೇಶದಲ್ಲೇ ಇದನ್ನು ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಸಮುದ್ರದಿಂದ ಹಿಡಿದು ತಂದದ್ದಕ್ಕಿಂತ ಅವು ಗಟ್ಟಿ.

ನೀರು ಆರಿ ಕಮ್ಮಿಯಾಗಿದೆ. ಉಪ್ಪುನೀರು ಹಾಕಲಾ?

ಬೇಡ, ಬೇಡ. ಆರುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಇರುತ್ತದೆ. ಸಿಹಿ ಆರ್‌ಒ ನೀರು ಹಾಕಿ. ಏಪ್ರಿಲ್‌ನಲ್ಲಿ ಟ್ಯಾಂಕ್ ತಂಪಾಗಲಿ ಅಂತ ಫ್ಯಾನ್ ಇಟ್ಟಾಗ ನನ್ನದು ದಿನಕ್ಕೆ ಒಂದು ಲೀಟರಿಗೂ ಜಾಸ್ತಿ ಕುಡಿಯುತ್ತದೆ. ಬರೀ ಒಂದು ಲೀಟರ್ ಅಂತ ಹಿಡಿಯಿರಿ. ತಿಂಗಳಿಡೀ ಅದಕ್ಕೆ ಉಪ್ಪುನೀರು ಹಾಕಿದರೆ ಕಿಲೋಗಿಂತ ಜಾಸ್ತಿ ಲವಣ ಸೇರಿ, 35 ಇದ್ದದ್ದು 49 ಆಗುತ್ತದೆ. ಗಾಜಿನ ಮೇಲೆ ಟೇಪ್ ಅಂಟಿಸಿ ಮಟ್ಟ ಗುರುತಿಡಿ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಆ ಗೆರೆ ನೋಡುವುದು ಅಭ್ಯಾಸವಾಗಿಬಿಟ್ಟಿದೆ.

ಉಪ್ಪುನೀರು ಬೇಕಾಗುವುದು ವಾರದ ಬದಲಾವಣೆಗೆ. ಶೇಕಡಾ 10 ಅಂದರೆ 7.5 ಲೀಟರ್, 285 ಗ್ರಾಂ ಉಪ್ಪು.

ಕಲಸಿದ ನೀರು ಎಷ್ಟು ದಿನ ಇಡಬಹುದು? ಉಪ್ಪು ಗಟ್ಟಿಯಾದರೆ?

ಮುಚ್ಚಳ ಹಾಕಿ, ಬಿಸಿಲು ತಾಗದ ಕಡೆ ಎರಡು ಮೂರು ವಾರ ಇಟ್ಟು ಬಳಸಿದ್ದೇನೆ. ಬಳಸುವ ಹಿಂದಿನ ರಾತ್ರಿ ಪಂಪ್ ಹಾಕಿ, ಮತ್ತೆ ಅಳೆಯಿರಿ.

ಒಣ ಉಪ್ಪು ಮಾತ್ರ ಗಾಳಿಯಿಂದ ತೇವ ಎಳೆಯುತ್ತದೆ, ಅದರಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ ಕ್ಲೋರೈಡ್‌ನ ಗುಣ ಅದು. ಕರಾವಳಿಯ ಜುಲೈನಲ್ಲಿ ಚೀಲ ಬಿಚ್ಚಿಟ್ಟರೆ ಒಂದೇ ವಾರಕ್ಕೆ ಬೆಲ್ಲದ ಅಚ್ಚು. ಗಟ್ಟಿ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಡಿ. ಸ್ವಲ್ಪ ಹೆಪ್ಪುಗಟ್ಟಿದ್ದು ಪುಡಿ ಮಾಡಿ ಬಳಸಬಹುದು, ತೂಕದ ಜೊತೆ ನೀರೂ ಬಂದಿರುತ್ತದೆ, ಹಾಗಾಗಿ ಅಳೆದು ಸರಿಮಾಡಿ. ಕಲ್ಲಾಗಿದ್ದರೆ ಬಿಡಿ.

ತೆಗೆದ ಹಳೇ ಉಪ್ಪುನೀರು ಎಲ್ಲಿ ಚೆಲ್ಲಲಿ?

ಟಾಯ್ಲೆಟ್‌ಗೆ. ಕುಂಡಕ್ಕೆ, ತುಳಸಿಗೆ, ಬೀದಿಯ ಹೊಂಗೆ ಮರಕ್ಕೆ ಹಾಕಬೇಡಿ, ಒಂದೇ ತಿಂಗಳಲ್ಲಿ ಎಲೆಯಂಚು ಸುಟ್ಟುಕೊಳ್ಳುತ್ತದೆ. ನಮ್ಮೂರಲ್ಲಿ ತೆಂಗಿನ ಬುಡಕ್ಕೆ ಉಪ್ಪು ಹಾಕುವ ರೂಢಿ ಇದೆ, ತೆಂಗು ಅದನ್ನು ತಡೆದುಕೊಳ್ಳುತ್ತದೆ. ಅಮ್ಮ ಈಗ ಫೋನ್ ಮಾಡಿದಾಗಲೆಲ್ಲ, "ಚೆಲ್ಲೋ ಬದಲು ಆ ನೀರನ್ನು ಊರಿಗೆ ತಾ, ನಮ್ಮ ತೆಂಗಿಗಾದರೂ ಆಗ್ತದೆ" ಅನ್ನುತ್ತಾರೆ.